ಗಿರಿಜವ್ವ ಬಳಿದ ಬಣ್ಣ

ದಾಸನಕೊಪ್ಪದ ಒಕ್ಕಲು ಮನೆಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅಂದು ಬಸವಣ್ಣನಿಗೆ ಬಿಡುವು. ಅಂದಾನಪ್ಪನಿಗೂ ವಾರದಲ್ಲಿ ಬಿಡುವು ಅಂತ ಸಿಗುವುದು ಅದೊಂದೇ ದಿನ. ಅದಕ್ಕಾಗಿಯೇ ಅವನ ಹೆಂಡತಿ ಗಿರಿಜವ್ವ ಸೋಮವಾರದ ದಾರಿ ಕಾಯುತ್ತಿದ್ದಳು. ಬೆಳಗಿನ ಪೂಜೆ ಮುಗಿಸಿ, ಎಮ್ಮೆ ಕರೆದು, ರೊಟ್ಟಿಯ ಬುತ್ತಿ ಕಟ್ಟಿಕೊಂಡು ಗಂಡನ ಹಳೆಯ ಮೋಟರ್‌ಸೈಕಲ್ಲು, ಆ ಫಟಫಟಿಯ ಹಿಂದೆ ಕೂತರೆ, ಶಿರಸಿ ದಾಟಿ ಸಿದ್ದಾಪುರದ ಹತ್ತಿರದ ಕೋಲಸಿರ್ಸಿ ಮುಟ್ಟುವಷ್ಟರಲ್ಲಿ ಹೊತ್ತು ನೆತ್ತಿಗೆ ಬಂದಿರುತ್ತಿತ್ತು. ಕೋಲಸಿರ್ಸಿ ಅವಳ ತವರು. ಲಕ್ವ ಹೊಡೆದು ಎಡಗೈ, ಎಡಗಾಲು ಸೋತ ತಾಯಿ ಪಾರ್ವತವ್ವ ಅಲ್ಲಿ ಹಾಸಿಗೆ ಹಿಡಿದಿದ್ದಳು. ಅಣ್ಣ, ಅತ್ತಿಗೆ ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು. ಆದರೂ ಮಗಳ ಕೈ ಹಿಡಿದುಕೊಂಡಾಗ ಆಕೆಯ ಮುಖ ಬೇರೆಯೇ ಆಗುತ್ತಿತ್ತು.

ಬಸ್ಸಿಗೆ ಹೋದರೆ ಒಂದು ರಾತ್ರಿ ಅಲ್ಲೇ ಉಳಿಯಬೇಕು. ಕರೆಯುವ ಎಮ್ಮೆಯನ್ನು ನೋಡುವವರು ಮನೆಯಲ್ಲಿ ಬೇರೆ ಯಾರೂ ಇಲ್ಲ. ಫಟಫಟಿಯಾದರೆ ಅಂದೇ ತಿರುಗಿ ಬರಬಹುದು. ಬರುವಾಗ ದಾರಿಯಲ್ಲಿ ಕತ್ತಲಾಗುತ್ತದೆ, ಆಗಲಿ. ಮುಂದೆ ದೀಪವಿದೆಯಲ್ಲ.

ಆ ದೀಪವೇ ಮಹಾನವಮಿಯ ನಂತರ ಕೈಕೊಟ್ಟಿತು.

ಗಾಡಿ ಶುರುವಾಗುತ್ತಿತ್ತು, ಓಡುತ್ತಿತ್ತು. ದೀಪ ಮಾತ್ರ ಎಣ್ಣೆ ತೀರಿದ ಹಣತೆಯ ಹಾಗೆ ಕೆಂಪಗೆ ಮಿಣಕುತ್ತಿತ್ತು. ಗುಂಡಿ ಬಂದರೆ ಆರುತ್ತಿತ್ತು, ದಾಟಿದರೆ ಹೊತ್ತುತ್ತಿತ್ತು. ಅಂದಾನಪ್ಪ ಶಿರಸಿಯಿಂದ ಹೊಸ ಬಲ್ಬು ತಂದು ಹಾಕಿದ. ಗಾಡಿ ಜೋರು ಹೋದ ಕೂಡಲೇ ಅದೂ ಸುಟ್ಟಿತು. ಮತ್ತೊಂದು ತಂದ, ಅದರದೂ ಅದೇ ಗತಿ. ಮೂರನೆಯದು ಹಾಕುವಾಗ ಯಾರೋ ನಿಂಬೆಹಣ್ಣು ಕಟ್ಟು ಅಂದರು, ಕಟ್ಟಿದ. ಒಂದು ಸೋಮವಾರ ಹಿಂದಿರುಗುವಾಗ ಇಸಳೂರಿನ ತಿರುವಿನಲ್ಲಿ ದೀಪ ಪೂರಾ ಸತ್ತಿತು. ಎದುರಿಗೆ ಕಂದೀಲು ಇಲ್ಲದ ಹುಲ್ಲಿನ ಗಾಡಿ. ಎತ್ತುಗಳ ಉಸಿರು ಮುಖಕ್ಕೆ ತಾಗುವಷ್ಟು ಹತ್ತಿರ ಹೋಗಿ ಅಂದಾನಪ್ಪ ಹೇಗೋ ಚರಂಡಿಯ ಕಡೆ ತಿರುಗಿಸಿದ. ಪೆಟ್ಟಾಗಲಿಲ್ಲ. ಮನೆಗೆ ಬಂದು ನೀರು ಕುಡಿದವನು ಒಂದೇ ಮಾತು ಹೇಳಿದ.

“ನಿಮ್ಮವ್ವನ್ನ ನೋಡಾಕ ಹೋಗಿ ನಿನ್ನ ಕಳಕೊಳ್ಳಾಕ ನಾ ತಯಾರಿಲ್ಲ.”

ಗಿರಿಜವ್ವ ಬುತ್ತಿಯ ಬಟ್ಟೆ ಮಡಚಿ ಗೂಡಿನಲ್ಲಿಟ್ಟಳು. ಅವನ ಮಾತಿನಲ್ಲಿ ತಪ್ಪಿರಲಿಲ್ಲ.

ಅಲ್ಲಿಂದ ಸೋಮವಾರಗಳು ಬರುತ್ತಿದ್ದವು, ಹೋಗುತ್ತಿದ್ದವು. ಸುಗ್ಗಿಯೂ ಬಂತು. ಶಿರಸಿ ಸಂತೆಯಲ್ಲಿ ಕೋಲಸಿರ್ಸಿಯವರು ಸಿಕ್ಕಾಗ, ನಿಮ್ಮವ್ವ ನಿನ್ನ ಹೆಸರು ಹಿಡಿದು ಕೇಳುತ್ತಾಳೆ ಅನ್ನುತ್ತಿದ್ದರು. ಈಗೀಗ ಮಾತು ತೊದಲುತ್ತದೆ, ಹೆಸರು ಮಾತ್ರ ಸ್ಪಷ್ಟ ಅನ್ನುತ್ತಿದ್ದರು. ಅದನ್ನು ಕೇಳಿಸಿಕೊಂಡು ಬಂದ ದಿನ ಗಿರಿಜವ್ವ ರೊಟ್ಟಿ ಬಡಿಯುತ್ತ ಬಡಿಯುತ್ತ ಸುಮ್ಮನೆ ಕೈ ನಿಲ್ಲಿಸಿಬಿಡುತ್ತಿದ್ದಳು. ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂದಾಗಲೇ ಎಚ್ಚರ.

ರಾತ್ರಿ ಊರಲ್ಲಿ ವಸ್ತಿ ಮಾಡುವ ಬಸ್ಸಿನ ಡ್ರೈವರ್ ಶಂಕ್ರಪ್ಪ ಅಂದಾನಪ್ಪನ ಗೆಳೆಯ. ಒಂದು ಸಂಜೆ ಬಸ್ಸು ನಿಲ್ಲಿಸಿ ಚಹಾಕ್ಕೆ ಬಂದವನಿಗೆ ಅಂದಾನಪ್ಪ ಹೇಳಿದ: ಈ ಗಾಡಿಯ ಆಯುಷ್ಯ ಮುಗಿಯಿತು, ಬರುವ ವಾರ ಗುಜರಿಗೆ ಹಾಕುತ್ತೇನೆ. ಒಳಗೆ ಚಹಾ ಸೋಸುತ್ತಿದ್ದ ಗಿರಿಜವ್ವ ಬಾಗಿಲಿಗೆ ಬಂದು ನಿಂತಳು.

ಶಂಕ್ರಪ್ಪ ಅಂಗಳಕ್ಕಿಳಿದ. ಇನ್ನೂ ಬಿಸಿಲಿತ್ತು. ದೀಪ ಹಾಕಿದ, ಅದು ಕೆಂಪಗೆ ಮಿಣಕಿತು. ಹಾರನ್ನು ಒತ್ತಿದ. ಹಾರನ್ನು ನೆಗಡಿಯಾದ ಕೋಳಿಯ ಹಾಗೆ ಕೂಗಿತು.

“ದೀಪ ಒಂದ ಕೆಟ್ಟಿದ್ರ ಬಲ್ಬೋ ಅದರ ತಂತಿಯೋ ಅನ್ನಬಹುದಿತ್ತು. ಹಾರನ್ನೂ ಸೋತೈತಿ ಅಂದ್ರ ರೋಗ ಬುಡದಾಗ ಐತಿ. ಬ್ಯಾಟರಿ ನೋಡೂಣು.”

“ಬ್ಯಾಟರಿಗೆ ಹ್ವಾದ ವಾರನ ಶಿರಸಿಯೊಳಗ ಚಾರ್ಜ್ ಮಾಡಿಸೀನಿ,” ಅಂದ ಅಂದಾನಪ್ಪ. “ಬೇಕಾದ್ರ ಮಧುಕೇಶ್ವರನ ಗುಡಿ ತೀರ್ಥ ಐತಿ, ನಾಕು ಹನಿ ಬಿಡ್ಲೇನು?”

“ತೀರ್ಥ ನಿನ್ನ ತಲಿಮ್ಯಾಲೆ ಹಾಕ್ಕೊ, ಪುಣ್ಯ ಬರ್ತೈತಿ. ಬ್ಯಾಟರಿಗೆ ಬಟ್ಟಿ ಇಳಿಸಿದ ನೀರ ಬೇಕು. ಹೊಳಿ ನೀರು, ಬಾವಿ ನೀರು ಹಾಕಿದ್ರ ಒಳಗಿನ ತಗಡು ಕೆಡ್ತಾವು. ಮೊದಲ ಆ ಬೀಡಿ ಒಗಿ. ಬ್ಯಾಟರಿ ಹತ್ರ ಬೆಂಕಿ ತರಬಾರದು.”

ಅಂದಾನಪ್ಪ ಬೀಡಿ ಒಗೆದ. ಶಂಕ್ರಪ್ಪ ಬಸ್ಸಿನಿಂದ ಒಂದು ಸಣ್ಣ ಬಲ್ಬು ತಂದ, ಎರಡು ತುಂಡು ತಂತಿ ಸಿಕ್ಕಿಸಿದ್ದು. ತಂತಿಯ ತುದಿಗಳನ್ನು ಬ್ಯಾಟರಿಯ ಎರಡು ಕೊನೆಗೆ ಮುಟ್ಟಿಸಿದ. ಬಲ್ಬು ಬೆಳ್ಳಗೆ ಹೊತ್ತಿತು. ಬ್ಯಾಟರಿಯಲ್ಲಿ ಜೀವವಿದೆ ಅಂದ. ಆಮೇಲೆ ಒಂದು ತಂತಿಯನ್ನು ಅಲ್ಲೇ ಹಿಡಿದು, ಇನ್ನೊಂದನ್ನು ಬ್ಯಾಟರಿಯ ಕೊನೆಯಿಂದ ತೆಗೆದು ಎಂಜಿನ್ನಿನ ಬರಿ ಲೋಹಕ್ಕೆ ಮುಟ್ಟಿಸಿದ. ಬಲ್ಬು ಕೆಂಪಗಾಗಿ ನಿಂತಿತು.

ಅಂದಾನಪ್ಪ ನಂಬಲಿಲ್ಲ. ಹರಿದ ತಂತಿ ಒಂದೂ ಇಲ್ಲ, ಇದೆಂಥ ಆಟ ಅಂದ.

ಶಂಕ್ರಪ್ಪ ಮೆಟ್ಟಿಲ ಮೇಲೆ ಕೂತು ಸಾವಕಾಶ ಹೇಳಿದ. ಕರೆಂಟು ಬ್ಯಾಟರಿಯಿಂದ ಹೊರಟು ದೀಪಕ್ಕೆ ಹೋದರೆ ಸಾಲದು, ತಿರುಗಿ ಬ್ಯಾಟರಿಗೆ ಬರಬೇಕು. ಹೋಗುವುದಕ್ಕೆ ತಂತಿ ಇದೆ. ಬರುವುದು ಗಾಡಿಯ ಕಬ್ಬಿಣದ ಮೈಯಲ್ಲೇ. ಕೊನೆಗೆ ಒಂದು ಗಿಡ್ಡ ತಂತಿ ಆ ಕಬ್ಬಿಣವನ್ನೂ ಬ್ಯಾಟರಿಯನ್ನೂ ಕೂಡಿಸುತ್ತದೆ. ಅಲ್ಲಿ ಅಡ್ಡಿಯಾದರೆ ದೀಪ ಸೊರಗುತ್ತದೆ. ಎಂಜಿನ್ನು ಓಡುವಾಗ ಕರೆಂಟು ಹುಟ್ಟಿಸುವ ಡೈನಮೋದ ಶಕ್ತಿಯನ್ನು ಬ್ಯಾಟರಿ ಸರಿಯಾಗಿ ತೆಗೆದುಕೊಳ್ಳುವುದಿಲ್ಲ; ಜೋರಾಗಿ ಹೋದಾಗ ಅದೆಲ್ಲ ಬಲ್ಬಿನ ಮೇಲೆ ಬಿದ್ದು ಬಲ್ಬು ಸುಡುತ್ತದೆ.

“ಹೋದದ್ದು ತಿರುಗಿ ಬರೂ ದಾರಿ ಕಟ್ಟೈತಿ, ಅಷ್ಟ,” ಅಂದ.

ಬಾಗಿಲಲ್ಲಿ ನಿಂತಿದ್ದ ಗಿರಿಜವ್ವ ಕೆಳಗಿಳಿದು ಬಂದು, ಗಿಡ್ಡ ತಂತಿಯನ್ನು ಬಿಗಿದ ಬೋಲ್ಟನ್ನು ನೋಡಿದಳು. ಅದರ ಕೆಳಗೂ ಸುತ್ತಲೂ ಕರಿ ಬಣ್ಣ ಮಿರಮಿರ ಮಿಂಚುತ್ತಿತ್ತು. ಅವಳ ಮುಖ ಬಾಡಿತು. ಮಹಾನವಮಿಗೆ ಎತ್ತಿನ ಚಕ್ಕಡಿಯ ಕಬ್ಬಿಣಕ್ಕೆ ಬಣ್ಣ ಹಚ್ಚುವುದು ಅವರ ಮನೆಯ ಪದ್ಧತಿ. ಆ ವರ್ಷ ಬಣ್ಣ ಉಳಿದಿತ್ತು. ತನ್ನನ್ನು ಅವ್ವನ ಹತ್ತಿರ ಒಯ್ಯುವ ಗಾಡಿ, ತುಕ್ಕು ಹಿಡಿಯದಿರಲಿ ಎಂದು ಆಕೆಯೇ ಬೋಲ್ಟು ಬಿಚ್ಚಿಸಿ, ಮೂಲೆ ಮೂಲೆಗೂ ಬಳಿದಿದ್ದಳು.

“ಅಣ್ಣಾ, ನಾನ ಬಳದೇನಿ,” ಅಂದಳು. “ಪ್ರೀತಿಲೇ ಬಳದೇನಿ.”

“ಅದಕ್ಕ ಯಾರ ಬೈತಾರ, ತಂಗಿ? ಗಾಡಿ ನೋಡು, ಮದಿವಿ ಮದಲಿಂಗನ ಹಂಗ ಐತಿ. ಇಷ್ಟ ಜಾಗ ಹೆರದಬಿಡು. ನೀನ ಹೆರಿ.”

ಶಂಕ್ರಪ್ಪ ಬ್ಯಾಟರಿಯ ತಂತಿಗಳನ್ನು ಮೊದಲು ಬಿಚ್ಚಿಟ್ಟ. ಗಿರಿಜವ್ವ ಹಳೆಯ ಕುಡಗೋಲಿನ ತುದಿಯಿಂದ ಬಣ್ಣ ಹೆರೆದಳು. ಅಂಗುಲದಷ್ಟು ಜಾಗದಲ್ಲಿ ಬೆಳ್ಳಗಿನ ಕಬ್ಬಿಣ ಕಂಡಿತು. ಗಿಡ್ಡ ತಂತಿಯ ತುದಿಯ ಬಳೆಯನ್ನೂ ತಿಕ್ಕಿ, ಬಿಗಿಯಾಗಿ ಕೂರಿಸಿ, ಬ್ಯಾಟರಿಗೆ ತಂತಿಗಳನ್ನು ಮತ್ತೆ ಸೇರಿಸಿದರು. ಅಂದಾನಪ್ಪ ದೀಪದ ಗುಂಡಿ ತಿರುಗಿಸಿದ. ಎದುರಿನ ಗೋಡೆಯ ಮೇಲೆ ಬೆಳಕು ದುಂಡಗೆ ನಿಂತಿತು. ಅವನು ಗಾಡಿ ಅಲುಗಿಸಿ ನೋಡಿದ, ಆರಲಿಲ್ಲ. ಮತ್ತೆ ಅಲುಗಿಸಿದ. ಗುಜರಿಯ ಮಾತು ಮತ್ತೆ ಎತ್ತಲಿಲ್ಲ.

ಸೋಮವಾರ ಹೊತ್ತು ನೆತ್ತಿಗೆ ಬರುವಾಗ ಗಿರಿಜವ್ವ ತಾಯಿಯ ಹಾಸಿಗೆಯ ಪಕ್ಕ ಕೂತಿದ್ದಳು. ಪಾರ್ವತವ್ವ ಮಗಳ ಕೈಯನ್ನು ಸರಿಯಿದ್ದ ಕೈಯಿಂದ ಹಿಡಿದುಕೊಂಡಳು. ನೆರಳು ಅಂಗಳಕ್ಕೆ ಇಳಿದಾಗ ತೊದಲುತ್ತ ಕೇಳಿದಳು.

“ಬಿಸಿಲ ಇದ್ದಾಗನ ಹೊರಡ್ತಿಯೇನು?”

“ಇಲ್ಲಬೇ. ದೇವರ ಮುಂದ ದೀಪ ಹಚ್ಚಿ ಹೊರಡ್ತೀನಿ.”

ತಾಯಿ ನಿರಾಳವಾಗಿ ದಿಂಬಿಗೆ ಒರಗಿದಳು, ಕೈ ಬಿಡಲಿಲ್ಲ.

ಓದುತ್ತಿರುವ ಅಣ್ಣಂದಿರೇ, ಕೂತು ಕೇಳುತ್ತಿರುವ ಅಕ್ಕತಂಗಿಯರೇ, ಗಾಡಿ ಹಳೆಯದಾಯಿತು ಎಂದು ಬೇಗ ಕೈಬಿಡಬೇಡಿ. ದೀಪ ಮಂದವಾದರೆ ಬಲ್ಬಿಗೆ ಓಡುವ ಮುಂಚೆ ಹಾರನ್ನು ಒತ್ತಿ ನೋಡಿ. ಬ್ಯಾಟರಿಯ ಕೊನೆಗಳಲ್ಲಿ ಬಿಳಿ ಹಿಟ್ಟು ಕೂತಿದೆಯೇ, ತಂತಿ ಕಬ್ಬಿಣಕ್ಕೆ ಸೇರುವಲ್ಲಿ ತುಕ್ಕು, ಬಣ್ಣ, ಮಣ್ಣು ಇದೆಯೇ ನೋಡಿ. ತಿಳಿಯದಿದ್ದರೆ ತಿಳಿದವರನ್ನು ಹಗಲಿನಲ್ಲೇ ಕೇಳಿ, ನಾಚಿಕೆ ಬೇಡ. ದೀಪವಿಲ್ಲದೆ ಮಾತ್ರ ಕತ್ತಲಲ್ಲಿ ಹೊರಡಬೇಡಿ. ಎದುರಿನ ಗಾಡಿಯಲ್ಲಿ ಕೂತವರೂ ಯಾರದೋ ಮನೆಗೆ ಹೊರಟವರೇ.

ಈ ಸಂಜೆ, ಇನ್ನೂ ಬೆಳಕಿರುವಾಗಲೇ, ಅಂಗಳಕ್ಕಿಳಿದು ನಿಮ್ಮ ಗಾಡಿಯ ದೀಪ ಒಮ್ಮೆ ಹೊತ್ತಿಸಿ ನೋಡಿ. ಶಿವನ ದಯದಿಂದ ನಿಮಗೂ ಹೋಗಬೇಕಾದ ಮನೆಯೊಂದು ಇರುತ್ತದೆ.