ಗುಡ್ಡದ ನಡುವಿನ ತಗ್ಗು

ಮುನಿರಾಬಾದಿನ ಕಾಲೊನಿಯಲ್ಲಿ ಗೋವಿಂದರಾಜನ ಕೈ ಅಂದರೆ ಕೈ. ಮೂವತ್ತು ವರ್ಷ ಕಾಲುವೆ, ತೂಬು, ಸೇತುವೆಗಳ ನಕ್ಷೆಗಳನ್ನು ಟ್ರೇಸಿಂಗ್ ಕಾಗದದ ಮೇಲೆ ಮಸಿಯಲ್ಲಿ ಇಳಿಸಿ ನಿವೃತ್ತನಾದವನು. ಎಂಜಿನಿಯರ್ ಸಾಹೇಬರ ಪೆನ್ಸಿಲ್ ಎಲ್ಲಿ ನಡುಗಿತ್ತು, ಎಲ್ಲಿ ತೂಕಡಿಸಿತ್ತು ಎಂಬುದು ಅವನ ಗೆರೆಯಲ್ಲಿ ಯಾರಿಗೂ ಕಾಣುತ್ತಿರಲಿಲ್ಲ.

೧೯೯೯ರ ಬೇಸಿಗೆಯಲ್ಲಿ ಮಗಳು ಅಂಜಲಿ ತನ್ನ ಪಿಎಚ್.ಡಿ. ಪ್ರಬಂಧದ ಗ್ರಾಫುಗಳನ್ನು ಮನೆಗೆ ತಂದಾಗ, ಇವನ್ನು ಬರೆಯುವವನು ನಾನೇ ಎಂದುಬಿಟ್ಟ.

"ಕಂಪ್ಯೂಟರ್‌ನಾಗ ಬರ್ತಾವ ಬಿಡ್ರಿ ಅಪ್ಪಾ."

"ಕಂಪ್ಯೂಟರಿಗೆ ಕೈ ಅದಾವೇನು?"

ಮಗಳ ಪುಸ್ತಕದಲ್ಲಿ ತನ್ನದೊಂದು ಗೆರೆ ಇರಬೇಕು. ಆಸೆ ಅಷ್ಟೇ, ಆದರೆ ಅದು ಹಸಿವಿನಷ್ಟೇ ಜೋರಾಗಿತ್ತು.

ಮೂರು ದಿನ ಬೆನ್ನು ಬಗ್ಗಿಸಿ ಕೂತು ಬರೆದ. ನಾಲ್ಕನೆಯ ದಿನ ಬೆಳಿಗ್ಗೆ, ಧಾರವಾಡದ ರೈಲು ಹಿಡಿಯುವ ಮೊದಲು, ಅಂಜಲಿ ಹಾಳೆಗಳನ್ನು ಒಂದೊಂದಾಗಿ ನೋಡಿ ಹಿಗ್ಗಿದಳು. ಏಳನೆಯದಕ್ಕೆ ಬಂದಾಗ, ಗುಡ್ಡದ ಹಾಗೆ ಏರಿ ಇಳಿದಿದ್ದ ಗೆರೆಯ ಮೇಲೆ ಬೆರಳಿಟ್ಟಳು.

"ಅಪ್ಪಾ, ಈ ಗುಡ್ಡದ ನಡುವ ಒಂದು ತಗ್ಗಿತ್ತಲ್ಲರಿ?"

"ನಿಮ್ಮ ಮಷೀನಿನ ಪೆನ್ನು ಜಾರಿತ್ತವ್ವಾ. ತುಂಬಿ ನುಣ್ಣಗ ಮಾಡೇನಿ."

"ನಾ ಐದು ವರ್ಷ ದುಡದದ್ದು ಆ ತಗ್ಗಿನ ಸಲುವಾಗಿರಿ."

ಗೋವಿಂದರಾಜ ಹಾಳೆಯನ್ನು ಹತ್ತಿರ ಎಳೆದುಕೊಂಡ. ಅಂಜಲಿ ಮೆಲ್ಲಗೆ, "ಇರ್ಲಿ ಬಿಡ್ರಿ, ಇದೊಂದು ಕಂಪ್ಯೂಟರ್‌ನಾಗ ತಗೀತೀನಿ" ಎಂದಳು. ಬೈದಿದ್ದರೂ ಅವನಿಗೆ ಅಷ್ಟು ನೋವಾಗುತ್ತಿರಲಿಲ್ಲ. "ಮೊದಲು ಆ ತಗ್ಗು ಯಾಕೈತಿ ಹೇಳು" ಎಂದು ಪಟ್ಟು ಹಿಡಿದ.

ಹೇಳಿದಳು. ಕೊಳವೆಯೊಳಗೆ ಸೋಡಿಯಂ ಪರಮಾಣುಗಳ ಆವಿ ಇರುತ್ತದೆ. ತಕ್ಕ ಬಣ್ಣದ ಲೇಸರ್ ಬಿಟ್ಟರೆ ಪರಮಾಣುಗಳು ಆ ಬೆಳಕನ್ನು ನುಂಗುತ್ತವೆ; ನುಂಗಿದಷ್ಟೂ ಗ್ರಾಫಿನ ಗುಡ್ಡ ಏರುತ್ತದೆ. ಜೊತೆಗೆ ಇನ್ನೊಂದು ಬಣ್ಣದ ಲೇಸರ್ ಬಿಟ್ಟರೆ ನುಂಗುವುದಕ್ಕೆ ಎರಡು ದಾರಿಗಳಾಗಿ, ಒಂದನ್ನೊಂದು ಅಳಿಸಿಹಾಕುತ್ತವೆ. ಆವಿ ಅಲ್ಲೇ ಇದ್ದರೂ ಗಾಜಿನ ಹಾಗೆ ಆರಪಾರ. ಬೆಳಕು ಸುಮ್ಮನೆ ಹಾಯ್ದುಹೋಗುತ್ತದೆ; ಗುಡ್ಡದ ನಡುವಿನ ತಗ್ಗು ಅದೇ.

ಒಳಗೆ ರೊಟ್ಟಿ ಬಡಿಯುತ್ತಿದ್ದ ಅಂಜಲಿಯ ತಾಯಿ ಹಂಪವ್ವ ಅಲ್ಲಿಂದಲೇ ಕೂಗಿದಳು: "ಎರಡೂರ ನಂಟ ಊಟ ಇಲ್ಲದ ಕೆಟ್ಟ ಅಂತಾರಲ್ಲ, ಹಂಗನ ಅಲ್ಲೇನು?"

ಐದು ವರ್ಷ ಗಣಿತ ಬರೆದವಳು ಬಾಯಿ ತೆರೆದು, "ಖರೇನ ಹಂಗ ಅವ್ವಾ!" ಎಂದಳು.

ಅಷ್ಟರಲ್ಲಿ ಅವಳಿಗೆ ಏನೋ ಹೊಳೆಯಿತು. ಎರಡನೆಯ ಲೇಸರ್ ನಂದಿಸಿ ಅಳೆದಿದ್ದ ಗ್ರಾಫನ್ನು ಚೀಲದಿಂದ ತೆಗೆದು ಅಪ್ಪನ ಟ್ರೇಸಿಂಗ್ ಹಾಳೆಯ ಕೆಳಗಿಟ್ಟಳು. ಗೆರೆಯ ಮೇಲೆ ಗೆರೆ ಕೂತಿತು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಒಂದೇ ಲೇಸರ್ ಇದ್ದಾಗ ಆವಿ ಏನು ಮಾಡುತ್ತದೋ ಅದನ್ನೇ ಅವನ ಕೈ ಗೊತ್ತಿಲ್ಲದೆ ಬರೆದಿತ್ತು.

"ಇದನ್ನ ಹಂಗ ಇಡ್ರಿ. ಇದರ ಮ್ಯಾಲ ಚುಕ್ಕಿ ಚುಕ್ಕಿಯಾಗಿ ತಗ್ಗಿನ ಗೆರಿ ಎಳೀರಿ. ಎರಡೂ ಒಂದ ಚಿತ್ರದಾಗ ಛಲೋ ಕಾಣ್ತಾವು."

ರೈಲು ಹೋದರೆ ಇನ್ನೊಂದು ಬರುತ್ತದೆ ಎಂದು ಅವಳು ಪಕ್ಕದಲ್ಲೇ ಕೂತಳು. ತಗ್ಗಿನ ತಳದಲ್ಲಿ ಪೆನ್ನು ಹೊರಳಿಸುವಾಗ ಗೋವಿಂದರಾಜ ಉಸಿರು ಬಿಗಿಹಿಡಿದಿದ್ದ. ಮುಗಿದಾಗ ಖುಷಿ ತಡೆಯಲಾರದೆ ನಕ್ಕ.

ಆಮೇಲೆ ಅಂಚಿನಲ್ಲಿ, ನಕ್ಷೆಗಳ ರೂಢಿಯಂತೆ, ಎರಡು ಪುಟ್ಟ ಚೌಕ ಎಳೆದ: ಬರೆದವರು, ತಾಳೆ ನೋಡಿದವರು. ಮೊದಲನೆಯದರಲ್ಲಿ ತನ್ನ ಹೆಸರು ಬರೆದು ಪೆನ್ನನ್ನು ಮಗಳ ಕೈಗಿತ್ತ.

"ಪ್ರಬಂಧದಾಗ ಇದನ್ನೆಲ್ಲ ಹಾಕಾಂಗಿಲ್ಲರಿ ಅಪ್ಪಾ."

"ಸಹಿ ಹಾಕವ್ವಾ. ಈ ಚೌಕದಾಗ ಎಷ್ಟೋ ಮಂದಿ ಸಹಿ ಮಾಡ್ಯಾರ. ಮೂವತ್ತು ವರ್ಷದಾಗ ನನ್ನ ತಪ್ಪು ಹಿಡದಾಕಿ ನೀನೊಬ್ಬಾಕೀನ ನೋಡು."