ಫೋನಿನಲ್ಲಿ ದಾನವ್ವ ಕೇಳುತ್ತಿದ್ದ ಪ್ರಶ್ನೆಗಳು

ಟೊರಾಂಟೊ ಏರ್‌ಪೋರ್ಟಿನ ಮಗ್ಗುಲ ಮಾಲ್ಟನ್ನಿನ ತನ್ನ ಮನೆಯ ಬೇಸ್‌ಮೆಂಟಿನಲ್ಲಿ ಹಳೇ ಪೇಪರು ಹಾಸಿ, ಮೆಂತ್ಯದ ಸೊಪ್ಪು ಬಿಡಿಸುತ್ತ, ದಾನವ್ವ ಐದು ವರ್ಷ ಮಿಶೆಲ್‌ಳ ಫೋನು ಎತ್ತಿದಳು. ವಿಮಾನಗಳು ಛಾವಣಿ ಸವರಿಕೊಂಡು ಇಳಿಯುವ ಓಣಿ ಅದು. ಒಂದು ವಿಮಾನ ದಾಟುವ ತನಕ ಆ ಕಡೆಯ ಗಂಡಸು ಬಾಯಿ ಮುಚ್ಚಿಕೊಂಡು ಕಾಯಬೇಕು. ಕಾಯುತ್ತಿದ್ದರು. ಇಂಥ ಕೆಲಸಕ್ಕೆ ಫೋನು ಮಾಡಿದ ಗಂಡಸಿನಲ್ಲಿ ಇರುವಷ್ಟು ವಿನಯ ದೇವರ ಮುಂದೆ ನಿಂತವನಲ್ಲೂ ಇರುವುದಿಲ್ಲ ಎಂಬುದು ದಾನವ್ವನ ಅನುಭವ.

ಮಿಶೆಲ್ ಎಸ್ಕಾರ್ಟ್, ದುಡ್ಡಿಗೆ ಗಂಡಸರ ಸಂಗ ಮಾಡುವವಳು. ಎರಿನ್ ಮಿಲ್ಸ್ ಕಡೆ ಒಂದು ಅಪಾರ್ಟ್‌ಮೆಂಟು ಹಿಡಿದಿದ್ದಳು. ಗಿರಾಕಿಗಳು ಹೇಳಿದ ಹೊತ್ತಿಗೆ ಅಲ್ಲಿಗೆ ಬಂದು ಹೋಗುತ್ತಿದ್ದರು. ಅದಕ್ಕೂ ಮುಂಚೆ ಅವಳೂ ದಾನವ್ವನೂ ಒಂದು ಬ್ರೆಡ್ ಫ್ಯಾಕ್ಟರಿಯಲ್ಲಿ ಎದುರುಬದುರು ನಿಂತು ಪ್ಯಾಕಿಂಗ್ ಮಾಡಿದವರು. ಮಿಶೆಲ್ ಹುಟ್ಟಿದ್ದು ಉತ್ತರದ ನ್ಯೂ ಲಿಸ್ಕರ್ಡ್ ಕಡೆಯ ಹಳ್ಳಿಯಲ್ಲಿ, ಅಪ್ಪನಿಗೆ ನಲವತ್ತು ಆಕಳು. ದಾನವ್ವ ಬೈಲಹೊಂಗಲ ತಾಲೂಕಿನವಳು, ತವರಿನಲ್ಲಿ ಆರು ಎಮ್ಮೆ. ಲಂಚ್ ಬ್ರೇಕಿನಲ್ಲಿ ಉಳಿದವರು ಲಾಟರಿಯ ಮಾತಾಡಿದರೆ ಇವರಿಬ್ಬರು ಕೆಚ್ಚಲು ಬಾವಿಗೆ ಯಾವ ಔಷಧ ಒಳ್ಳೇದೆಂದು ಚರ್ಚೆ ಮಾಡುತ್ತಿದ್ದರು. ಒಂದು ವರ್ಷ ಮಿಶೆಲ್ ಮಣಿಕಟ್ಟು ನೋವೆಂದು ಫ್ಯಾಕ್ಟರಿ ಬಿಟ್ಟಳು. ಮರುವರ್ಷ, ಎರಡು ಸಾವಿರದ ಮೂರರಲ್ಲಿ, ಫ್ಯಾಕ್ಟರಿ ದಾನವ್ವನನ್ನು ಬಿಟ್ಟಿತು. ಆಗ ಮಿಶೆಲ್ ಬಂದು, ತಾನು ಈಗ ಮಾಡುವ ಕೆಲಸ ಇಂಥದು, ಬರುವವರ ಫೋನು ಎತ್ತಲು ನಂಬಿಗಸ್ತರು ಬೇಕು, ದಿನಕ್ಕೆ ಇಷ್ಟು ಕೊಡುತ್ತೇನೆ ಎಂದು ಮುಚ್ಚುಮರೆ ಇಲ್ಲದೆ ಕೇಳಿದಳು. ದಾನವ್ವ ಎರಡು ದಿನ ಯೋಚಿಸಿದಳು. ಮೂರನೇ ದಿನ ಒಪ್ಪಿ, ಗಂಡ ತಿಪ್ಪಣ್ಣನಿಗೆ ಫೋನೆತ್ತಿ ಗಾಡಿ ಕಳಿಸುವ ಡಿಸ್ಪ್ಯಾಚ್ ಕೆಲಸ ಸಿಕ್ಕಿತೆಂದು ಹೇಳಿದಳು. ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುವ ತಿಪ್ಪಣ್ಣ ಯಾವ ಡಿಸ್ಪ್ಯಾಚ್ ಎಂದು ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆ ಎಂಬ ಜ್ಞಾನ ಅವನಿಗೆ ಮೂವತ್ತು ವರ್ಷದ ಸಂಸಾರದಲ್ಲಿ ಬಂದಿತ್ತು.

ಫೋನಿನಲ್ಲಿ ಏನು ಕೇಳಬೇಕೆಂದು ಮಿಶೆಲ್ ಹೇಳಿಕೊಟ್ಟಿದ್ದು ಎರಡೇ: ಹೆಸರು, ಹೊತ್ತು. ದಾನವ್ವನಿಗೆ ಅದು ಸಾಲಲಿಲ್ಲ. ಒಂದು ಕರ ಕೊಡುವಾಗಲೂ ಅವಳಪ್ಪ, ಕೊಳ್ಳುವವನದು ಯಾವ ಊರು, ಯಾರ ಪೈಕಿ, ಮನೆಯಲ್ಲಿ ಎಷ್ಟು ಜನ, ಹೊಲ ಎಷ್ಟು, ಮೊದಲು ಸಾಕಿದ ದನ ಏನಾಯಿತು ಎಂದು ಕೇಳಿಯೇ ಹಗ್ಗ ಕೈಗೆ ಕೊಡುತ್ತಿದ್ದ. ಇಲ್ಲಿ ಹೋಗುತ್ತಿರುವುದು ಕರವಲ್ಲ, ಬಾಗಿಲು ಹಾಕಿಕೊಂಡ ಕೋಣೆಯಲ್ಲಿ ಒಂಟಿ ಹೆಂಗಸು. ಹಾಗಾಗಿ ದಾನವ್ವ ತನ್ನ ಫ್ಯಾಕ್ಟರಿ ಇಂಗ್ಲಿಷಿನಲ್ಲಿ, ಪಂಜಾಬಿಗಳಾದರೆ ಕಲಿತ ಹಿಂದಿಯಲ್ಲಿ, ಎಲ್ಲರಿಗೂ ಒಂದೇ ಕ್ರಮದಲ್ಲಿ ಕೇಳಿದಳು. ಊರು ಯಾವುದು? ಅಪ್ಪ ಏನು ಮಾಡುತ್ತಿದ್ದ? ತಾಯಿ ಇದ್ದಾಳೋ? ಅಣ್ಣತಮ್ಮಂದಿರು ಮಾತಾಡುತ್ತಾರೋ, ಬಿಟ್ಟಿದ್ದಾರೋ?

ಸುಳ್ಳು ಹೆಸರು ಹೇಳಲು ತಯಾರಾಗಿ ಬಂದ ಗಂಡಸು ಸುಳ್ಳು ತಾಯಿಗೆ ತಯಾರಾಗಿ ಬಂದಿರುವುದಿಲ್ಲ. ಮೂರನೇ ಪ್ರಶ್ನೆಗೆ ತಡವರಿಸುವವನಿಗೂ ಸಿಟ್ಟಿಗೇಳುವವನಿಗೂ ದಾನವ್ವ ಇವತ್ತು ಪುರಸೊತ್ತಿಲ್ಲ ಎಂದು ಫೋನು ಇಟ್ಟುಬಿಡುತ್ತಿದ್ದಳು. ಹಾಗೆ ಕೇಳಿ ಕಳಿಸಿದವರಲ್ಲಿ ಒಬ್ಬನೂ ಐದು ವರ್ಷದಲ್ಲಿ ಮಿಶೆಲ್‌ಳ ಮೇಲೆ ಕೈ ಎತ್ತಲಿಲ್ಲ.

ಗಿರಾಕಿಗಳಿಗೆ ಕಂಪ್ಯೂಟರಿನಲ್ಲಿ ಒಂದು ಹರಟೆಕಟ್ಟೆ ಇತ್ತು. ಬೋರ್ಡು ಎನ್ನುತ್ತಿದ್ದರು. ಹೋಗಿ ಬಂದವರು ಅಲ್ಲಿ ಅಭಿಪ್ರಾಯ ಬರೆಯುತ್ತಿದ್ದರು, ಹೋಟೆಲಿನ ದೋಸೆಯ ಬಗ್ಗೆ ಬರೆದ ಹಾಗೆ. ತಮ್ಮನ್ನು ತಾವು ಹವ್ಯಾಸಿಗಳು ಎಂದು ಕರೆದುಕೊಳ್ಳುತ್ತಿದ್ದರು. ಒಬ್ಬ ಅಂಚೆಚೀಟಿ ಕೂಡಿಸುತ್ತಾನೆ, ಇನ್ನೊಬ್ಬ ಹಕ್ಕಿ ನೋಡುತ್ತಾನೆ, ಇವರದು ಇದು. ಮಿಶೆಲ್ ಸೋಮವಾರ ಬಂದಾಗ ಚಹಾ ಕುಡಿಯುತ್ತ ಅದನ್ನು ಓದಿ ಹೇಳುತ್ತಿದ್ದಳು. ಅಲ್ಲಿ ಮಿಶೆಲ್‌ಗಿಂತ ದಾನವ್ವನೇ ಹೆಚ್ಚು ಪ್ರಸಿದ್ಧಳಾಗಿದ್ದಳು. ಮೇಪಲ್ ಜಂಟಲ್‌ಮನ್ ಎಂಬ ಹೆಸರಿನವನೊಬ್ಬ ಬರೆದಿದ್ದ: ಫೋನಿನ ಮುದುಕಿ ಇಮಿಗ್ರೇಶನ್ನಿನವರಿಗಿಂತ ಹೆಚ್ಚು ಕೇಳುತ್ತಾಳೆ, ನನ್ನ ತಾಯಿಯ ಮಂಡಿನೋವಿಗೆ ಎಳ್ಳೆಣ್ಣೆ ಹೇಳಿ ಫೋನಿಟ್ಟಾಗ ನಾನು ಯಾಕೆ ಕರೆ ಮಾಡಿದ್ದೆ ಅನ್ನುವುದೇ ಮರೆತಿತ್ತು. ಅದರ ಕೆಳಗೆ ಇನ್ನೊಬ್ಬ ಎಳ್ಳೆಣ್ಣೆ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದ್ದ.

ಕಾನೂನಿನ ಬಗ್ಗೆ ದಾನವ್ವನಿಗೆ ತಿಳಿಸಿದ್ದೂ ಮಿಶೆಲ್ಲೇ. ಈ ದೇಶದಲ್ಲಿ ಆ ಕೆಲಸ ಮಾಡುವುದು ಅಪರಾಧವಲ್ಲ. ಆದರೆ ಬೀದಿಯಲ್ಲಿ ನಿಂತು ಅದರ ಮಾತಾಡಿದರೆ ಅಪರಾಧ. ತನ್ನದೇ ಮನೆಯಲ್ಲಿ ಮಾಡಿದರೆ ಆ ಮನೆ ಅಪರಾಧ. ಆ ದುಡಿಮೆಯಲ್ಲಿ ಇನ್ನೊಬ್ಬರು ಬದುಕಿದರೆ ಅವರೂ ಅಪರಾಧಿ. ಗುರುತಿಲ್ಲದವನ ಮನೆಗೆ, ಗುರುತಿಲ್ಲದ ಓಣಿಗೆ ಒಬ್ಬಳೇ ಹೋದರೆ ಮಾತ್ರ ಎಲ್ಲ ಸರಿ. ದಾನವ್ವ ಮೆಂತ್ಯ ಬಿಡಿಸುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು. ಎಮ್ಮೆ ಕಟ್ಟಲು ಪರವಾನಗಿ ಕೊಟ್ಟು ಗ್ವಾದಲಿಗೆ ದಂಡ ಹಾಕಿದ ಹಾಗಾಯಿತಲ್ಲ ಎಂದಳು. ಗ್ವಾದಲಿ ಎಂದರೆ ದನಕ್ಕೆ ಮೇವು ಹಾಕುವ ಕಟ್ಟೆ ಎಂದು ಬಿಡಿಸಿ ಹೇಳಿದ ಮೇಲೆ ಮಿಶೆಲ್ ಬಹಳ ಹೊತ್ತು ನಕ್ಕಳು.

ಎರಡು ಸಾವಿರದ ಏಳರಲ್ಲಿ ಮೂವರು ಹೆಂಗಸರು ಈ ಕಾನೂನೇ ತಪ್ಪೆಂದು ಟೊರಾಂಟೊದ ಕೋರ್ಟಿಗೆ ಹೋದರು. ಪೇಪರಿನಲ್ಲಿ ಬಂತು. ಆ ಮೂವರು ತಮ್ಮ ಹೆಸರು, ಮುಖ ಎಲ್ಲ ತೋರಿಸಿ ನಿಂತಿದ್ದರು. ಬೋರ್ಡಿನಲ್ಲಿದ್ದ ಹವ್ಯಾಸಿಗಳು, ಒಬ್ಬನಿಗೂ ಅಪ್ಪ ಇಟ್ಟ ಹೆಸರಿಲ್ಲದವರು, ಒಂದೇ ವಾರದಲ್ಲಿ ಸಂವಿಧಾನ ಪಂಡಿತರಾದರು. ಕಾನೂನು ಸಡಿಲವಾದರೆ ರಸೀದಿ ಕೊಡುತ್ತಾರೆ, ರಸೀದಿ ಹೆಂಡತಿಯ ಕೈಗೆ ಸಿಗುತ್ತದೆ ಎಂದು ಒಬ್ಬ. ಬಿಗಿಯಾದರೆ ಸ್ವೀಡನ್ನಿನ ಹಾಗೆ ಕೊಳ್ಳುವವನನ್ನೇ ಹಿಡಿಯುತ್ತಾರೆ ಎಂದು ಇನ್ನೊಬ್ಬ. ಯಾವ ಕಡೆ ಹೋದರೂ ಹೆಣ್ಣುಮಕ್ಕಳಿಗೆ ಏನಾಗುತ್ತದೆ ಎಂಬ ಪ್ರಶ್ನೆ ನಲವತ್ತು ಪುಟದಲ್ಲಿ ಒಮ್ಮೆ ಬಂದಿತು, ಅದನ್ನೂ ವಿಷಯಾಂತರವೆಂದು ತೆಗೆದುಹಾಕಿದರು. ಕಡೆಗೆ ಮೇಪಲ್ ಜಂಟಲ್‌ಮನ್ನನ ನೇತೃತ್ವದಲ್ಲಿ ನಿರ್ಣಯವಾಯಿತು: ಕೋರ್ಟು ತೀರ್ಮಾನ ಮಾಡುವ ತನಕ ಯಾರೂ ಫೋನಿನಲ್ಲಿ ಸ್ವಂತ ವಿವರ ಕೊಡತಕ್ಕದ್ದಲ್ಲ.

ದಾನವ್ವನ ಫೋನು ಬಡವಾಯಿತು. ಊರು ಯಾವುದು ಎಂದರೆ ವಕೀಲರನ್ನು ಕೇಳಿ ಹೇಳುತ್ತೇನೆ ಎನ್ನುವವರು ಬಂದರು. ಆಕೆ ಅಂಥವರನ್ನು ಒಬ್ಬೊಬ್ಬರನ್ನಾಗಿ ಕೈಬಿಟ್ಟಳು. ಮಿಶೆಲ್‌ಳ ಬಾಡಿಗೆ ಹಿಂದೆ ಬಿತ್ತು. ಅವಳು ಒಮ್ಮೆ ನಯವಾಗಿ, ಆಂಟಿ, ಸ್ವಲ್ಪ ಕಡಿಮೆ ಕೇಳು ಎಂದಳು. ದಾನವ್ವ ಕಡಿಮೆ ಕೇಳಲಿಲ್ಲ.

ಏನೂ ಕೇಳದೆ ಒಳಗೆ ಬಿಟ್ಟಿದ್ದು ಒಬ್ಬನನ್ನು ಮಾತ್ರ.

ಎರಡು ಸಾವಿರದ ಎಂಟರ ಸೆಪ್ಟೆಂಬರಿನ ಒಂದು ಮಂಗಳವಾರ, ಮಧ್ಯಾಹ್ನದ ಊಟವಾದ ಮೇಲೆ ಬಂದ ಫೋನು. ದಾನವ್ವ ಹಲೋ ಎಂದು ಎರಡು ಮಾತು ಇಂಗ್ಲಿಷಿನಲ್ಲಿ ಆಡಿದ್ದಷ್ಟೇ. ಆ ಕಡೆಯವನು ಅದರ ಧಾಟಿ ಗುರುತಿಸಿ, "ಯವ್ವಾ, ನೀವು ನಮ್ಮ ಕಡಿಯವರೇನ್ರಿ?" ಎಂದ.

ಅಷ್ಟು ವರ್ಷ ಪಂಜಾಬಿ, ಗಯಾನಿ, ಪೋಲಿಷ್, ಇಟಾಲಿಯನ್ ಎಲ್ಲರ ವಂಶಾವಳಿ ಕೆದಕಿದವಳಿಗೆ ಕನ್ನಡದವನೊಬ್ಬ ಈ ನಂಬರಿಗೆ ಫೋನು ಮಾಡಬಹುದೆಂದು ಹೊಳೆದೇ ಇರಲಿಲ್ಲ. ಅವನು ತಾನಾಗಿಯೇ ಹೇಳಿದ: ಹೆಸರು ದಾನಪ್ಪ, ಸವದತ್ತಿ ಕಡೆಯವನು. ಸವದತ್ತಿ ಎಂದರೆ ಪಕ್ಕದ ತಾಲೂಕು. ಯಾವ ಊರು, ಯಾರ ಪೈಕಿ ಎಂಬ ಪ್ರಶ್ನೆ ನಾಲಗೆಯ ತುದಿಗೆ ಬಂತು. ಆದರೆ ನಮ್ಮವರಲ್ಲಿ ಆ ಪ್ರಶ್ನೆ ಒಂದೇ ಕಡೆ ಹೋಗಿ ನಿಲ್ಲುವುದಿಲ್ಲ. ಅವನೂ ಕೇಳುತ್ತಾನೆ: ನೀವು ಯಾವೂರವರ್ರಿ, ಯಾರ ಪೈಕಿ? ಬೆಳಗಾಗುವುದರೊಳಗೆ ಬೈಲಹೊಂಗಲದಲ್ಲಿ ಅಣ್ಣನ ಮನೆಯ ಕಟ್ಟೆಯ ಮೇಲೆ ಸುದ್ದಿ ಕೂತಿರುತ್ತದೆ. ದಾನವ್ವನಿಗೆ ಫೋನು ಇಟ್ಟರೆ ಸಾಕಾಗಿತ್ತು. ಬುಧವಾರ ಎರಡು ಗಂಟೆಗೆ ಎಂದು ವಿಳಾಸ ಹೇಳಿ ಇಟ್ಟಳು. ಯವ್ವಾ ಎಂದು ಕರೆದವನು ಅಂಥವನಿರಲಿಕ್ಕಿಲ್ಲ ಎಂದು ತನಗೇ ಸಮಾಧಾನ ಹೇಳಿಕೊಂಡಳು.

ಬುಧವಾರ ನಾಲ್ಕು ಗಂಟೆಗೆ ಮಿಶೆಲ್ ಆಸ್ಪತ್ರೆಯಿಂದ ಫೋನು ಮಾಡಿದಳು. ಫ್ಯಾಕ್ಟರಿಯಲ್ಲಿ ನೋಯುತ್ತಿದ್ದ ಅದೇ ಮಣಿಕಟ್ಟು ಈಗ ಮುರಿದಿತ್ತು. ತುಟಿ ಒಡೆದು ಮಾತು ಸರಿಯಾಗಿ ಬರುತ್ತಿರಲಿಲ್ಲ. ಹೋಗುವಾಗ ಅವನು, ಪೊಲೀಸರಿಗೆ ಹೇಳು ನೋಡೋಣ, ನಿನ್ನ ಮನೆಯೇ ಅಪರಾಧ ಎಂದು ನಕ್ಕು ಹೋಗಿದ್ದ. ಕಾನೂನು ಅವನಿಗೂ ಚೆನ್ನಾಗಿ ಗೊತ್ತಿತ್ತು.

ಮಿಶೆಲ್ ಎಡಗೈಯಿಂದ ಬೋರ್ಡಿನಲ್ಲಿ ನಾಲ್ಕು ಸಾಲು ಬರೆದಳು, ಇಂಥವನು ಬಂದರೆ ಬಾಗಿಲು ತೆಗೆಯಬೇಡಿ ಎಂದು, ಬೇರೆ ಹುಡುಗಿಯರಿಗಾಗಿ. ಒಂದು ಗಂಟೆಯಲ್ಲಿ ಅದು ಮಾಯವಾಯಿತು. ಕೋರ್ಟಿನಲ್ಲಿ ವಿಷಯ ಇರುವಾಗ ಸದಸ್ಯರ ಖಾಸಗಿತನ ಕಾಪಾಡುವುದು ನಮ್ಮ ಧರ್ಮ ಎಂದು ಬೋರ್ಡು ನಡೆಸುವವರ ಉತ್ತರ ಬಂತು. ಮೇಪಲ್ ಜಂಟಲ್‌ಮನ್ ಸಹಾನುಭೂತಿ ತೋರಿಸಿ, ಮುಂದೆ ಇಂಥವರನ್ನು ಮೊದಲೇ ಸರಿಯಾಗಿ ವಿಚಾರಿಸಿಕೊಳ್ಳುವುದು ಒಳ್ಳೆಯದೆಂದು ಸಲಹೆ ಕೊಟ್ಟ.

ಅವನ ನಂಬರು ಇದ್ದದ್ದು ದಾನವ್ವನ ಫೋನಿನಲ್ಲಿ. ಅವನ ಧ್ವನಿ ಕೇಳಿದವಳು, ಹೆಸರು ಗೊತ್ತಿದ್ದವಳು ದಾನವ್ವ. ಅವಳು ಬಾಯಿ ಬಿಡದಿದ್ದರೆ ಅವನು ಮುಂದಿನ ಬುಧವಾರ ಬೇರೆ ಯಾವಳದೋ ಬಾಗಿಲು ತಟ್ಟುತ್ತಾನೆ. ಆಕೆ ಮಗಳು ಅಕ್ಷರಾಳನ್ನು ಕೂರಿಸಿಕೊಂಡು ಎಲ್ಲ ಹೇಳಿದಳು. ಅಕ್ಷರಾ ಬ್ರಾಂಪ್ಟನ್ನಿನಲ್ಲಿ ಒಬ್ಬ ವಕೀಲರ ಆಫೀಸಿನಲ್ಲಿ ಕ್ಲಾರ್ಕು.

"ಮಮ್ಮೀ, ಲಿಸನ್. ಆಕಿ ಮಾಡೂದು ಲೀಗಲ್. ನೀ ಮಾಡೂದು ಇಲ್ಲೀಗಲ್."

"ನಾ ಏನ್ ಮಾಡೀನಿ?"

"ಫೋನ್ ಎತ್ತೀ. ರೊಕ್ಕಾ ತಗೊಂಡೀ. ದೆ ವಿಲ್ ಚಾರ್ಜ್ ಯೂ."

"ನಾ ಎತ್ತಿದ್ದಕ್ಕ ಐದು ವರ್ಷ ಆಕಿ ನೆಟ್ಟಗಿದ್ಲು," ಎಂದಳು ದಾನವ್ವ. "ಒಂದು ದಿನ ಮಾನಕ್ಕಂಜಿ ಕೇಳಲಿಲ್ಲ, ಕೈ ಮುರದ್ಕೊಂಡ್ಲು. ಈಗೂ ಅಂಜಿ ಕುಂದರ್ಲ್ಯಾ?"

ಮಗಳು ಇಂಗ್ಲಿಷಿನಲ್ಲಿ ಬಹಳ ಹೇಳಿದಳು. ದಾನವ್ವ ಅಷ್ಟನ್ನೂ ಕೇಳಿಸಿಕೊಂಡು, ಒಗೆದಿಟ್ಟ ಇಳಕಲ್ ಸೀರೆ ಉಟ್ಟು, ಮೇಲೆ ಜಾಕೆಟ್ ಹಾಕಿಕೊಂಡು ಹೊರಟಳು. ಅಕ್ಷರಾ ಬೈಯುತ್ತಲೇ ಕಾರು ತೆಗೆದಳು.

ಠಾಣೆಯಲ್ಲಿದ್ದ ಅಧಿಕಾರಿ ಬಹಳ ಮರ್ಯಾದಸ್ಥ. ಚಹಾ ತರಿಸಿಕೊಟ್ಟ. ಅರ್ಧ ಕೇಳಿದ ಮೇಲೆ ಪೆನ್ನು ಕೆಳಗಿಟ್ಟು, ಅಮ್ಮ, ಇಲ್ಲಿ ಎರಡು ವಿಷಯ ಇವೆ ಎಂದ. ಹೊಡೆದವನ ಮೇಲೆ ಒಂದು ಕೇಸು. ಫೋನಿನ ಕೆಲಸಕ್ಕೆ ಕೂಲಿ ಪಡೆದ ನಿಮ್ಮ ಮೇಲೆ ಇನ್ನೊಂದು. ಮೊದಲನೆಯದು ಬರೆದರೆ ಎರಡನೆಯದನ್ನು ಕಂಡೂ ಕಾಣದ ಹಾಗೆ ಇರಲು ನನ್ನಿಂದ ಆಗುವುದಿಲ್ಲ. ಬೇಕಾದರೆ ಈಗಲೇ ಎದ್ದು ಮನೆಗೆ ಹೋಗಿ, ನೀವು ಬಂದೇ ಇಲ್ಲ. ಅವನ ದನಿಯಲ್ಲಿ ನಿಜವಾದ ಕರುಣೆ ಇತ್ತು. ಎದ್ದು ಹೋದರೆ ಅವನಿಗೂ ಒಂದು ಕೆಲಸ ಕಡಿಮೆ.

ದಾನವ್ವ ಮಗಳ ಕಡೆ ತಿರುಗಿ, "ಎರಡೂ ಬರಕೋ ಅನ್ನು ಅವಗ," ಎಂದಳು.

ಎರಡೂ ಬರೆದುಕೊಂಡ. ದಾನಪ್ಪ ಹತ್ತು ದಿನದಲ್ಲಿ ಸಿಕ್ಕ. ಕಡೆಗೆ ತಪ್ಪೊಪ್ಪಿಕೊಂಡು, ಮೊದಲ ತಪ್ಪೆಂದು, ಎರಡು ವರ್ಷ ಒಳ್ಳೆಯವನಾಗಿರುತ್ತೇನೆಂಬ ಷರತ್ತಿನ ಮೇಲೆ ಹೊರಗೆ ಬಂದ. ಮುಖ ಒಂದಿಷ್ಟು ಜನಕ್ಕೆ ಗೊತ್ತಾಯಿತು, ಹೆಸರು ದಾಖಲೆಯಲ್ಲಿ ಕೂತಿತು, ಅಷ್ಟು ಲಾಭ. ದಾನವ್ವನ ಕೇಸು ಮಾತ್ರ ತಾರೀಕಿನಿಂದ ತಾರೀಕಿಗೆ ಎಳೆಯಿತು. ತೀರ್ಮಾನವಾಗುವ ತನಕ ಆಕೆಗೂ ಒಂದು ಷರತ್ತು ಹಾಕಿದ್ದರು: ಮಿಶೆಲ್‌ಳ ರಕ್ಷಣೆಯ ಸಲುವಾಗಿ ದಾನವ್ವ ಅವಳ ಜೊತೆ ನೇರವಾಗಲಿ, ಬೇರೆಯವರ ಮೂಲಕವಾಗಲಿ ಯಾವ ಸಂಪರ್ಕವನ್ನೂ ಇಟ್ಟುಕೊಳ್ಳಬಾರದು. ಮಿಶೆಲ್‌ಗೆ ಅಪಾಯ ಯಾರಿಂದ ಎಂಬುದನ್ನು ಕಾನೂನು ಕಂಡುಹಿಡಿದಿತ್ತು.

ಸುದ್ದಿ ತಿಳಿದ ಮಾಲೀಕ ಅಪಾರ್ಟ್‌ಮೆಂಟು ಬಿಡಿಸಿದ. ಈಗ ಮಿಶೆಲ್ ಕಾನೂನು ಮೆಚ್ಚುವ ಹಾಗೆ ಬದುಕುತ್ತಾಳೆಂದು ಅಕ್ಷರಾ ಬೋರ್ಡಿನಲ್ಲಿ ನೋಡಿ ಹೇಳಿದಳು. ಮನೆಯಿಲ್ಲ, ಫೋನೆತ್ತುವವರಿಲ್ಲ, ಕರೆದವರ ಬಾಗಿಲಿಗೆ ಒಬ್ಬಳೇ ಹೋಗುತ್ತಾಳೆ. ಹವ್ಯಾಸಿಗಳಿಗೂ ಸಮಾಧಾನ. ಈಗ ಪ್ರಶ್ನೆಗಳಿಲ್ಲ, ನಾಲ್ಕು ನಕ್ಷತ್ರ ಕೊಡಬಹುದು ಎಂದು ಒಬ್ಬ ಬರೆದಿದ್ದ.

ಎರಡು ಸಾವಿರದ ಒಂಬತ್ತರ ಅಕ್ಟೋಬರಿನಲ್ಲಿ, ಆ ಮೂವರು ಹೆಂಗಸರ ವಾದ ಕೋರ್ಟಿನಲ್ಲಿ ನಡೆಯುತ್ತಿದ್ದ ವಾರ, ದಾನವ್ವ ಮಗಳ ಜೊತೆ ಪ್ಲಾಜಾದ ತರಕಾರಿ ಅಂಗಡಿಗೆ ಹೋಗಿದ್ದಳು. ಬೆಂಡೆಕಾಯಿಯ ರಾಶಿಯ ಆ ಮಗ್ಗುಲಲ್ಲಿ ಮಿಶೆಲ್ ನಿಂತಿದ್ದಳು. ಸಣ್ಣಗಾಗಿದ್ದಳು. ಬೆಂಡೆಕಾಯಿ ಆರಿಸಲು ಬಾರದೆ ಬಲಿತವನ್ನೇ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ತಲೆ ಎತ್ತಿ ನೋಡಿದಳು. ಇವತ್ತು ಯಾರ ಮನೆಗೆ ಹೋಗುತ್ತೀ, ಅವನ ಊರು ಕೇಳಿದೆಯೋ ಇಲ್ಲವೋ ಎಂದು ದಾನವ್ವ ಕೇಳುವಂತಿರಲಿಲ್ಲ, ಯಾವ ಸಂಪರ್ಕವೂ ಕೂಡದೆಂಬ ಷರತ್ತಿತ್ತು. ಅಕ್ಷರಾ ತೋಳು ಹಿಡಿದು ಎಳೆದಳು.

ದಾನವ್ವ ತೋಳು ಬಿಡಿಸಿಕೊಂಡಳು. ತುದಿ ಮುರಿದು ನೋಡುತ್ತ, ಎಳೆಯವನ್ನು ಒಂದೊಂದಾಗಿ ಆರಿಸಿ, ರಾಶಿಯ ಮೇಲಿಂದ ಕೈ ಚಾಚಿ ಮಿಶೆಲ್‌ಳ ಚೀಲಕ್ಕೆ ಹಾಕತೊಡಗಿದಳು. ಮಿಶೆಲ್ ಚೀಲದ ಬಾಯಿ ಅಗಲ ಮಾಡಿ ಹಿಡಿದಳು.

"ಮಮ್ಮೀ, ದಟ್ ಈಸ್ ಕಮ್ಯುನಿಕೇಶನ್," ಎಂದಳು ಅಕ್ಷರಾ, ಹಲ್ಲು ಕಚ್ಚಿಕೊಂಡು.

"ಬೆಂಡಿಕಾಯಿ ಅದು," ಎಂದು ದಾನವ್ವ ಇನ್ನೊಂದರ ತುದಿ ಮುರಿದಳು.