ಹಡಗು ಹತ್ತದ ಪುಡಿ

ದೊಡ್ಡಮಾವ ಕಾಫಿಪುಡಿ ಪೊಟ್ಟಣದ ಮೂಲೆಗೆ ಕತ್ತರಿ ಇಟ್ಟಿದ್ದರು. ಮನೆಯ ಮಗಳು ಓಡಿಬಂದು ಪೊಟ್ಟಣ ಕಿತ್ತುಕೊಂಡಳು.

"ಅಂಗಡೀಲಿ ಕೊಂಡ ಪುಡಿನಾ ಮಾವ? ಈ ಮನೇಲಾ? ಇವತ್ತಾ?"

"ಏನ್ ಮಾಡ್ಲಮ್ಮ? ಬೀದಿ ತುಂಬ ಜನ. ಗಾಡಿ ಬರೋದು ಹನ್ನೊಂದಕ್ಕೆ. ಬಂದೋರಿಗೆ ಒಂದ್ ಗುಟುಕು ಕಾಫಿನಾದ್ರೂ ಬೇಡ್ವಾ? ಇಷ್ಟು ದೊಡ್ಡ ಹೆಸರಿನ ಮನೇಲಿ ಎಲ್ಲ ಡಬ್ಬಿನೂ ಖಾಲಿ!"

ಡಬ್ಬಿ ಖಾಲಿ ಇರುವುದೇ ಅಮ್ಮನ ಹೆಚ್ಚುಗಾರಿಕೆ ಎಂದು ಮಾವನಿಗೆ ಯಾರು ಹೇಳಬೇಕು? ಬೆಳಿಗ್ಗೆ ಬೀಸಿದ ಪುಡಿ ಸಂಜೆಗೆ ಮುಗಿಯಬೇಕು, ಉಳಿದರೆ ಹಂಚಿಬಿಡಬೇಕು. ನಿನ್ನೆಯ ಪುಡಿಯನ್ನು ಅಮ್ಮ ಒಂದು ದಿನವೂ ಮಾರಿದವಳಲ್ಲ.

ಆ ಅಮ್ಮ ಈಗ ನಡುಮನೆಯಲ್ಲಿ ಬಿಳಿ ಹೊದಿಕೆಯ ಕೆಳಗೆ ಮಲಗಿದ್ದಳು. ಎಷ್ಟು ತೊಳೆದರೂ ಅವಳ ಉಗುರಿನ ಸಂದಿನ ಕಂದು ಹೋಗಿರಲಿಲ್ಲ.

"ನಾನು ಬೀಸ್ಕೊಂಡ್ ಬರ್ತೀನಿ," ಎಂದಳು ಮಗಳು. ಹೇಳಿದ್ದೇನೋ ಹೇಳಿಬಿಟ್ಟಳು. ಆದರೆ ಹೊರಗೆ ಕುಳಿತವರೆಲ್ಲ ಅಮ್ಮನ ಪುಡಿ ಕುಡಿದು ನಾಲಿಗೆ ಬೆಳೆಸಿಕೊಂಡವರು. ಇವತ್ತಿನ ಕಾಫಿ ಕೆಟ್ಟರೆ ಅಮ್ಮನ ಎದುರಿನಲ್ಲೇ ಅಮ್ಮನ ಹೆಸರು ಕೆಟ್ಟಂತೆ.

*

ಅಮ್ಮ ಹದಿನಾಲ್ಕು ವರ್ಷ ಬಂದರಿನ ಗೋದಾಮಿನಲ್ಲಿ ಕಾಫಿಬೀಜ ಆರಿಸಿದವಳು. ಒಳ್ಳೆಯದು ಬಲಕ್ಕೆ, ಮುರುಕು ಹುಳುಕು ಎಡಕ್ಕೆ. ಬಲದ್ದು ಹಡಗು ಹತ್ತುತ್ತಿತ್ತು, ಎಡದ್ದು ಊರಿನವರ ಲೋಟಕ್ಕೆ ಬರುತ್ತಿತ್ತು. ದೇಶವೆಲ್ಲ ಕಾಫಿ ಬೆಳೆದು ಕಸ ಕುಡಿಯುತ್ತಿತ್ತು. ಅದು ಕಸವೆಂದು ಯಾರಿಗೂ ಗೊತ್ತಿರಲಿಲ್ಲ, ಅಮ್ಮನಿಗೂ.

ಒಂದು ದಿನ ಹಡಗಿನ ಅಡುಗೆಯವನು ತನ್ನ ಯಂತ್ರದಿಂದ ಪುಟ್ಟ ಬಟ್ಟಲಲ್ಲಿ ಎಸ್ಪ್ರೆಸ್ಸೊ ಎಂಬ ಗಟ್ಟಿ ಕಾಫಿ ಇಳಿಸಿ ಅವಳ ಕೈಗಿತ್ತ. ಎರಡೇ ಗುಟುಕು. ಅಮ್ಮ ಬಟ್ಟಲಿನ ತಳವನ್ನೇ ನೋಡುತ್ತ, "ಇದು ನಾನು ಆರಿಸಿದ್ದಾ?" ಎಂದು ಕೇಳಿದಳಂತೆ.

ಮರುತಿಂಗಳೇ ಕೆಲಸ ಬಿಟ್ಟು ತೋಟದ ಯಜಮಾನನ ಮುಂದೆ ನಿಂತಳು. ಮೊದಲ ದರ್ಜೆಯ ಬೀಜ, ಒಂದು ಮೂಟೆ ಬೇಕು ಎಂದಳು.

ಯಜಮಾನ ಬಿದ್ದು ಬಿದ್ದು ನಕ್ಕ. "ಒಂದು ಮೂಟೆನಾ? ನಾನು ಹಡಗುಗಟ್ಟಲೆ ಮಾರೋನು ಕಣಮ್ಮ."

"ಹಾಗಾದ್ರೆ ನಾನೂ ಒಂದು ಹಡಗು ಅಂತ್ಲೇ ತಿಳ್ಕೊಳ್ಳಿ."

ಮೂಟೆ ಬಂತು. ಯಾರೋ ಬಿಸಾಕಿದ್ದ ಬೀಸುವ ಯಂತ್ರವೂ ಬಂತು. ಮನೆಯ ಕೆಳಗಿನ ಅಂಗಡಿಯ ಮೇಲೆ ಅಮ್ಮ ತನ್ನ ಕೈಯಾರೆ ಬರೆದಳು: ಹಡಗು ಹತ್ತದ ಕಾಫಿ.

*

ಅಂಗಡಿಯಲ್ಲಿ ಹೊಗೆಯಣ್ಣ ಮೂಟೆ ಬಿಚ್ಚಿಕೊಂಡೇ ಕಾಯುತ್ತಿದ್ದ. ಮೂವತ್ತು ವರ್ಷ ಬೀಜ ಹುರಿದೂ ಹುರಿದೂ ಅವನಿಗೆ ಆ ಹೆಸರೇ ನಿಂತುಬಿಟ್ಟಿತ್ತು.

"ಐದು ದಿನದ ಹಿಂದೆ ಅಮ್ಮ ಎದುರಿಗೆ ಕೂತು ಹುರಿಸಿದ್ದು. ಇವತ್ತಿಗೆ ಸರಿಯಾಗಿ ಹದಕ್ಕೆ ಬಂದಿದೆ," ಎಂದು ಮೂಗು ಒರೆಸಿಕೊಂಡ.

ಬೀಸುವ ಯಂತ್ರದ ಕೊರಳಿಗೊಂದು ಹಿತ್ತಾಳೆ ಬಳೆ. ಅದನ್ನು ಬಿಗಿ ಮಾಡಿದರೆ ಪುಡಿ ನುಣ್ಣಗೆ, ಸಡಿಲಿಸಿದರೆ ದಪ್ಪ. ನುಣುಪು ಹೆಚ್ಚಾದರೆ ನೀರು ತಡೆದು ತಡೆದು ಇಳಿದು ಕಾಫಿ ಕಹಿಯಾಗುತ್ತದೆ, ದಪ್ಪವಾದರೆ ಸುರಿದುಹೋಗಿ ಹುಳಿಯಾಗುತ್ತದೆ. ಗಾಳಿಯ ತೇವ ನೋಡಿ ದಿನವೂ ಬಳೆ ತಿರುಗಿಸಬೇಕು.

ಇಪ್ಪತ್ತೆರಡು ವರ್ಷದಿಂದ ಅದನ್ನು ತಿರುಗಿಸುತ್ತಿದ್ದವಳು ಮಗಳೇ. ಆದರೆ ದಿನವೂ ಹಿಂದೆಯೇ ಅಮ್ಮ ಬರುತ್ತಿದ್ದಳು. ಪುಡಿಯನ್ನು ಬೆರಳಲ್ಲಿ ಉಜ್ಜಿ, ಮಗಳು ಇಟ್ಟ ಬಳೆಯನ್ನು ಕೂದಲೆಳೆಯಷ್ಟು ತಿರುಗಿಸಿ, "ಹ್ಞೂಂ" ಎನ್ನುತ್ತಿದ್ದಳು. ಒಂದು ದಿನವಾದರೂ ಸರಿಯಿದೆ ಎಂದವಳಲ್ಲ. ಮಗಳಿಗೆ ಅದು ಮುಳ್ಳಿನಂತೆ ಚುಚ್ಚುತ್ತಿತ್ತು.

ರಾತ್ರಿ ಮಳೆಯಾಗಿತ್ತು. ಅವಳು ಬಳೆಯನ್ನು ತುಸು ಸಡಿಲಿಸಿ, ಒಂದು ಹಿಡಿ ಬೀಸಿ, ಉಜ್ಜಿ ನೋಡಿ, ರೂಢಿಯಂತೆ ಪಕ್ಕಕ್ಕೆ ಸರಿದು ನಿಂತಳು.

"ಯಾರಿಗ್ ಕಾಯ್ತಿದ್ದೀಯ?" ಹೊಗೆಯಣ್ಣ ಕೇಳಿದ.

ಅವಳಿಗೆ ಅಳು ಬಂತು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಬಂದವರಿಗೆಲ್ಲ ಸಾಲುವಷ್ಟು ಬೀಸಿದಳು.

ಎದುರಿನ ಕಾಫಿ ಅಂಗಡಿಯವರು ಅಮ್ಮನ ಮೊದಲ ಗಿರಾಕಿ. ಇವತ್ತು ಬಾಗಿಲು ಹಾಕಿದ್ದವರು ಈ ಕಾಫಿಗೆಂದೇ ಅರ್ಧ ತೆರೆದರು. ಮಗಳು, ಹೊಗೆಯಣ್ಣ ತಂದ ಪುಡಿಯನ್ನು ತಮ್ಮ ಎಸ್ಪ್ರೆಸ್ಸೊ ಯಂತ್ರದಲ್ಲಿ ಒತ್ತಿ ಗುಂಡಿ ಅದುಮಿ, ರೂಢಿಯಂತೆ ಬಾಯಲ್ಲೇ ಸೆಕೆಂಡು ಎಣಿಸತೊಡಗಿದರು. ಏಳರ ತನಕ ಬಟ್ಟಲು ಒಣಗಿತ್ತು. ಎಂಟಕ್ಕೆ ಜೇನಿನಂಥ ಎಳೆ ಇಳಿಯಿತು, ಇಪ್ಪತ್ತಾರಕ್ಕೆ ಬಟ್ಟಲು ತುಂಬಿತು, ಮೇಲೆ ಕೆಂಗಂದು ನೊರೆ. ಅವರು ಕುಡಿದರು.

"ಪುಣ್ಯಾತ್ಗಿತ್ತಿ! ಹೋಗೋ ಮುಂಚೆ ನಮಗೂ ಒಂದಿಷ್ಟು ಬೀಸಿಟ್ಟೇ ಹೋಗಿದ್ದಾರೆ. ಇದು ಅವರ ಕೈದೇ, ನನಗ್ ಗೊತ್ತಾಗಲ್ವಾ?"

"ಗೊತ್ತಾಗಲ್ಲ ಬಿಡಿ," ಎಂದ ಹೊಗೆಯಣ್ಣ. "ಈಗಷ್ಟೇ ಇವಳು ಬೀಸಿದ್ದು. ಮೂರು ವರ್ಷದಿಂದ ನೀವು ಕುಡೀತಿರೋದೂ ಇವಳ ಹದವೇ."

"ಅಮ್ಮ ದಿನಾ ತಿರುಗಿಸ್ತಿದ್ಲಲ್ಲಾ?" ಎಂದಳು ಮಗಳು.

"ತಿರುಗಿಸ್ತಿದ್ರು. ನೀನು ಆ ಕಡೆ ಹೋದ ತಕ್ಷಣ ವಾಪಸ್ ಇದ್ದಲ್ಲಿಗೇ ತರ್ತಿದ್ರು. ಯಾಕಮ್ಮ ಈ ನಾಟಕ ಅಂತ ಒಂದಿನ ಕೇಳೇಬಿಟ್ಟೆ. 'ನನಗಿಂತ ಚೆನ್ನಾಗಿ ಇಡ್ತಾಳೆ ಕಣೋ. ಹಾಗಂತ ಹೇಳಿದ್ರೆ ನಾಳೆಯಿಂದ ಉಜ್ಜಿ ನೋಡೋದೇ ಬಿಟ್ಬಿಡ್ತಾಳೆ' ಅಂದ್ರು."

ಮೂರು ವರ್ಷ! ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ಅಮ್ಮನ ಗಂಟೇನು ಹೋಗುತ್ತಿತ್ತು? ಮಗಳಿಗೆ ಸಿಟ್ಟು ಬಂತು. ಸಿಟ್ಟಿನ ನಡುವೆಯೇ ನಗು ಬಂತು, ನಗುವಿನ ಹಿಂದೆಯೇ ಕಣ್ಣೀರು ಧಾರೆಯಾಗಿ ಇಳಿಯಿತು. ಬಟ್ಟಲುಗಳೆಲ್ಲ ತುಂಬಿದ ಮೇಲೆ ಅವಳು ತಟ್ಟೆ ಎತ್ತಿಕೊಂಡು ತಲೆಯೆತ್ತಿ ಬೀದಿ ದಾಟಿದಳು.

ಬಟ್ಟಲುಗಳು ಕೈಯಿಂದ ಕೈಗೆ ಹೋದವು. ದೊಡ್ಡಮಾವ ಎರಡನೆಯ ಬಟ್ಟಲಿಗೆ ಕೈಚಾಚಿ, ಇನ್ನೊಂದು ಕೈಯಿಂದ ಮಗಳು ಕಿತ್ತು ಬದಿಗಿಟ್ಟಿದ್ದ ಪೊಟ್ಟಣವನ್ನು ಮೆಲ್ಲಗೆ ಜೇಬಿಗೆ ತುರುಕಿಕೊಂಡರು.

"ಗಾಡಿ ಬಂತು," ಯಾರೋ ಕೂಗಿದರು.

ಮಗಳು ಅಂಗಡಿಯ ಬಾಗಿಲು ಹಾಕಲು ಕೆಳಗಿಳಿದಳು. ಬಳೆಯ ಮೇಲೆ ಕೈಯಿಟ್ಟು ಕೂದಲೆಳೆಯಷ್ಟು ತಿರುಗಿಸಿದಳು. "ಹ್ಞೂಂ," ಎಂದಳು. ಹೊಗೆಯಣ್ಣ ಆ ಕಡೆ ತಿರುಗುವವರೆಗೆ ಕಾದು, ಬಳೆಯನ್ನು ಮತ್ತೆ ಇದ್ದಲ್ಲಿಗೇ ತಂದಳು.